ತೂಬಿನವ್ವನ ಹೊರೆ

ಬಂಡ್ರಿಯ ಕೆರೆ ಏರಿಯ ಮೇಲೆ, ತೂಬಿನ ಪಕ್ಕದಲ್ಲಿ, ಬಾಗಿದರಷ್ಟೇ ಒಳಗೆ ಹೋಗಬಹುದಾದ ಒಂದು ಗುಡಿಯಿದೆ. ಅಲ್ಲಿರುವಾಕೆ ತೂಬಿನವ್ವ. ಕೆರೆಯ ನೀರು ತೂಬು ದಾಟಿ ಗದ್ದೆಗೆ ಇಳಿಯುವ ಮೊದಲು ಅವಳ ಅಪ್ಪಣೆ ಕೇಳುತ್ತದೆ ಎಂದು ಊರು ನಂಬಿಕೊಂಡು ಬಂದಿದೆ. ನೀರಿಗೂ ಒಬ್ಬ ತಾಯಿ ಬೇಕಲ್ಲ.

ಎದೆಯೆತ್ತರದ ಕಲ್ಲು ಅದು. ಆದರೆ ಆ ಕಲ್ಲನ್ನು ಕಂಡವರು ಯಾರೂ ಇರಲಿಲ್ಲ. ಎಲ್ಲರೂ ಕಂಡದ್ದು ಕುಂಕುಮವನ್ನು. ಎಣ್ಣೆ, ಅದರ ಮೇಲೆ ಕುಂಕುಮ, ಅದರ ಮೇಲೆ ಮತ್ತೆ ಎಣ್ಣೆ; ಹೀಗೆ ತಲೆಮಾರುಗಟ್ಟಲೆ ಕೂತು ಅವ್ವ ಕೆಂಪಗೆ ದುಂಡಗೆ ತುಂಬಿಕೊಂಡಿದ್ದಳು. ಎರಡು ಬೆಳ್ಳಿಯ ಕಣ್ಣು, ತಲೆಯ ಮೇಲೆ ಅಗಲವಾದ ಕಿರೀಟ, ಕಿರೀಟದ ಮಗ್ಗುಲಿಗೆ ಎತ್ತಿ ಹಿಡಿದ ಬಲಗೈ. ಹೆದರಬೇಡ ಅನ್ನುವ ಕೈ ಅದು ಎಂದು ಹೆತ್ತವರು ಮಕ್ಕಳಿಗೆ ತೋರಿಸುತ್ತಿದ್ದರು.

ಪೂಜೆ ದುರ್ಗಕ್ಕನ ಮನೆಯದು. ಅತ್ತೆಯಿಂದ ಸೊಸೆಗೆ ಇಳಿದು ಬಂದದ್ದು. ಹದಿನೆಂಟಕ್ಕೆ ಸೊಸೆಯಾಗಿ ಬಂದ ದುರ್ಗಕ್ಕ ಹಗಲು ಗಣಿಯಲ್ಲಿ ಅದಿರು ಹೊತ್ತು, ಸಂಜೆ ಅವ್ವನಿಗೆ ಎಣ್ಣೆ ಹಚ್ಚಿ, ನಲವತ್ತು ವರ್ಷ ತನ್ನ ಎಲ್ಲ ಮಾತನ್ನೂ ಅಲ್ಲಿಯೇ ಆಡಿಕೊಂಡಳು. ಗಂಡ ತೀರಿಕೊಂಡಾಗಲೂ ಅಲ್ಲಿಯೇ. ಮೊಣಕಾಲು ಸೋತು ಕೆಲಸ ಬಿಟ್ಟ ದಿನವೂ ಅಲ್ಲಿಯೇ.

ದೀಪಾವಳಿಯ ಮರುದಿನ ಅವ್ವನ ಭುಜದಿಂದ ಕುಂಕುಮದ ಒಂದು ಹಕ್ಕಳೆ ಕಳಚಿ ಬಿತ್ತು. ಕಳಚಿದ ಜಾಗದಲ್ಲಿ ಕಲ್ಲು ಪುಡಿಪುಡಿಯಾಗಿ ಉದುರುತ್ತಿತ್ತು. ಊರು ಹೆದರಿತು. ಆ ದಿನಗಳಲ್ಲಿ ಹೊಸಪೇಟೆಯ ಕಲಾ ಗ್ಯಾಲರಿಯ ಯಶೋಧರಾ ಎಂಬ ಹುಡುಗಿ ಊರೂರಿನ ಹಳೆಯ ಕಲ್ಲುಗಳ ಫೋಟೊ ತೆಗೆಯುತ್ತ ಬಂಡ್ರಿಗೆ ಬಂದಿದ್ದಳು. ಕಂಪ್ಲಿಯವಳು, ಭತ್ತದ ನಾಟಿ ಮಾಡುವ ತಾಯಿಯ ಮಗಳು, ಕಲ್ಲು ಬಣ್ಣಗಳಿಗೆ ಮದ್ದು ಮಾಡುವ ವಿದ್ಯೆ ಕಲಿತವಳು. ಅವಳು ಗುಡಿಯೊಳಗೆ ಬಾಗಿ, ಬಹಳ ಹೊತ್ತು ನೋಡಿ ಹೇಳಿದಳು: "ಎಣ್ಣಿ ಒಳಗ ನೀರು ಸಿಕ್ಕೊಂಡೈತ್ರಿ. ಕಲ್ಲಿಗೆ ಉಸಿರು ಕಟ್ಟೈತಿ. ನಲವತ್ತು ದಿನ ನಮ್ಮ ಕಡೆ ಕೊಡ್ರಿ. ವರ್ಷಕ್ಕೊಂದು ಊರಿನ ಒಂದು ವಸ್ತು ತಂದು, ಮದ್ದು ಮಾಡಿ, ನಾಲ್ಕು ಮಂದಿಗೆ ತೋರಿಸಿ, ತಿರುಗಿ ಊರಿಗೇ ಮುಟ್ಟಸ್ತೀವಿ."

ಹೂವಿನ ಅಪ್ಪಣೆ ಕೇಳಿದರು. ಹೂವು ಬಲಕ್ಕೆ ಬಿತ್ತು, ಅವ್ವ ಒಪ್ಪಿದಳು. ರೈಸ್ ಮಿಲ್ಲಿನ ಕೊಟ್ರಬಸಪ್ಪ ಊರಿನ ಹಿರಿಯ. ಅವರಿಗೆ ಮಾತ್ರ ಸಮಾಧಾನವಿರಲಿಲ್ಲ.

"ಒಯ್ಯುವಾಗ ದೇವ್ರು, ತರುವಾಗ ಬರೇ ಕಲ್ಲು ಆಗಬಾರ್ದು ನೋಡು ದುರ್ಗಕ್ಕ. ಹಂಗೇನರ ಆದ್ರ ಪೂಜಿ ನಿಮ್ಮನಿಯಾಗ ಉಳಿಯಂಗಿಲ್ಲ."

ದುರ್ಗಕ್ಕ ಅಂಗೈಯಲ್ಲಿ ಕರ್ಪೂರ ಉರಿಸಿಕೊಂಡು ಮಾತು ಕೊಟ್ಟಳು. "ಒಯ್ದ ಅವ್ವನ್ನ ಅವ್ವನಾಗೇ ತರ್ತೀನ್ರಿ ಸಾವ್ಕಾರ್ರ."

ಗ್ಯಾಲರಿ ಇರುವುದು ಟಿ.ಬಿ. ಡ್ಯಾಂ ರಸ್ತೆಯಲ್ಲಿ, ಒಂದು ಕಾಲಕ್ಕೆ ಸಿಮೆಂಟು ತುಂಬಿಡುತ್ತಿದ್ದ ಎತ್ತರದ ಕಟ್ಟಡದಲ್ಲಿ. ಪೂರ್ವಕ್ಕೆ ದೊಡ್ಡ ಬಾಗಿಲು. ಶನಿವಾರ ಡ್ಯಾಮಿನ ಕ್ವಾರ್ಟರ್ಸಿನ ಮಕ್ಕಳು ಬಂದು ನೆಲದ ಮೇಲೆ ಕೂತು ಚಿತ್ರ ಬರೆಯುತ್ತಾರೆ. ಉಳಿದ ದಿನ ಕಾಲುವೆ ಕೆಲಸದವರು, ಬಸ್ಸು ತಪ್ಪಿದವರು, ನೆರಳು ಬೇಕಾದವರು ಬರುತ್ತಾರೆ. ಬಂದವರಲ್ಲಿ ಅರ್ಧದಷ್ಟು ಮಂದಿ ಯಾರೂ ಹೇಳದೆಯೇ ಚಪ್ಪಲಿ ಹೊರಗೆ ಬಿಡುತ್ತಾರೆ. ಕಾವಲುಗಾರ ಹಂಪಯ್ಯ ಡ್ಯಾಮಿನ ಗೇಟು ಎತ್ತಿ ಇಳಿಸಿ ನಿವೃತ್ತನಾದವನು. "ಹಂಪಿಗೆ ಹೋಗಾವ್ರು ಒಮ್ಮೊಮ್ಮೆ ದಾರಿ ತಪ್ಪಿ ನಮ್ ಕಡೆ ಬರ್ತಾರ. ಒಂದ್ ತಾಸು ನಿಂತು ನೋಡ್ತಾರ. ಆಮ್ಯಾಲ ಪಾಯಖಾನಿ ಎಲ್ಲೈತಿ ಅಂತಾರ" ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ.

ದುರ್ಗಕ್ಕ ಕ್ವಾರ್ಟರ್ಸಿನಲ್ಲಿದ್ದ ತಂಗಿಯ ಮನೆಯಲ್ಲಿ ಉಳಿದಳು. ದಿನವೂ ಬಾಗಿಲು ತೆರೆಯುವ ಹೊತ್ತಿಗೆ ಹಣತೆ ಹಿಡಿದು ಹಾಜರು.

"ಇಲ್ಲಿ ಬೆಂಕಿ ಹಚ್ಚಂಗಿಲ್ಲ ಬೇ," ಎಂದ ಹಂಪಯ್ಯ.

"ದೀಪ ಬೆಂಕಿ ಹೆಂಗಾತದ?"

"ರೂಲ್ಸಿನಾಗ ಎರಡೂ ಒಂದ."

ಕೊನೆಗೆ ಹೊರಗಿನ ಕಟ್ಟೆಯ ಮೇಲೆ, ಅವ್ವನಿಗೆ ನೇರವಾಗಿ, ಹಣತೆ ಇಡುವುದೆಂದು ತೀರ್ಮಾನವಾಯಿತು. ಗಾಳಿಗೆ ಆರದಂತೆ ಹಂಪಯ್ಯನೇ ಒಂದು ಡಬ್ಬಿ ಕೊಯ್ದು ಮರೆ ಮಾಡಿಕೊಟ್ಟ.

ಕೆಲಸ ನಡೆದದ್ದು ನಡುಮನೆಯಲ್ಲಿಯೇ, ಕಲ್ಲನ್ನು ಮೊಣಕಾಲೆತ್ತರದ ಪೀಠದ ಮೇಲೆ ನಿಲ್ಲಿಸಿ, ಎಲ್ಲರ ಎದುರು. ಹಗ್ಗದ ಆಚೆ ನಿಂತು ಯಾರು ಬೇಕಾದರೂ ನೋಡಬಹುದಿತ್ತು. ಯಶೋಧರಾ ಮೊದಲು ಬೆಳ್ಳಿಯ ಕಣ್ಣುಗಳನ್ನು ಬಿಡಿಸಿ ದುರ್ಗಕ್ಕನ ಅಂಗೈಗೆ ಇಟ್ಟಳು. ದುರ್ಗಕ್ಕ ಅವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಹತ್ತಿ, ಬಿಸಿನೀರು, ಬಿದಿರಿನ ಕಡ್ಡಿ. ದಿನಕ್ಕೆ ಅಂಗೈಯಗಲ. ಕಡ್ಡಿಯ ತುದಿಗೆ ಹತ್ತಿ ಸುತ್ತಿ ಅವಳು ಒರೆಸುವುದನ್ನು ನೋಡಿದರೆ ಬಾಣಂತಿ ಕೂಸಿನ ಕಿವಿ ಒರೆಸಿದಂತಿತ್ತು.

ಪದರ ಪದರವಾಗಿ ಕಾಲ ಕಳಚತೊಡಗಿತು. ದುರ್ಗಕ್ಕ ಒಂದೊಂದನ್ನೂ ಮೂಸಿ ನೋಡಿ ಗುರುತು ಹಿಡಿದಳು.

"ಇದು ಪಾಮಾಯಿಲ್."

"ಅವ್ವಗೂ ರೇಷನ್ ಪಾಮಾಯಿಲ್ ಹಚ್ಚೀರೇನಕ್ಕ?"

"ನಾವು ಉಂಡದ್ದನ್ನ ಅಕಿಗೆ ಹಚ್ಚೀವವ್ವ. ಇದರ ಕೆಳಗಿಂದು ಔಡಲೆಣ್ಣಿ. ನಮ್ಮತ್ತಿ ಕಾಲದ್ದು."

ಔಡಲೆಣ್ಣೆಯ ಕೆಳಗೆ ಹೊಂಗೆ. ಅದರೊಳಗೆ ಒಂದು ಭತ್ತದ ಕಾಳು, ಒಂದು ನೀಲಿ ಬಳೆಯ ಚೂರು. ಯಾವಳೋ ಎಣ್ಣೆ ಹಚ್ಚುವಾಗ ಒಡೆದ ಬಳೆ. ಅದಕ್ಕೂ ಕೆಳಗಿನದನ್ನು ದುರ್ಗಕ್ಕ ಮೂಸಿದಳು, ತಲೆಯಲ್ಲಾಡಿಸಿದಳು. "ಇದು ನನಗ ಗೊತ್ತಿಲ್ಲ." ಅಲ್ಲಿಂದ ಮುಂದೆ ಅವಳು ಮಾತು ಕಡಿಮೆ ಮಾಡಿದಳು. ಹೆಸರಿಲ್ಲದ ಅತ್ತೆಯರ ಅತ್ತೆಯರು ಒಬ್ಬೊಬ್ಬರೇ ಎದ್ದು ಬಂದು ಪಕ್ಕದಲ್ಲಿ ಕೂತಂತೆ ಅವಳಿಗೆ ಅನ್ನಿಸುತ್ತಿತ್ತು.

ಹತ್ತೊಂಬತ್ತನೆಯ ದಿನ ಎತ್ತಿದ ಕೈಯ ಬೆರಳುಗಳು ಹೊರಬಂದವು. ಅವು ಬಿಡಿಸಿಕೊಂಡಿರಲಿಲ್ಲ, ಮಡಚಿಕೊಂಡಿದ್ದವು. ಏನನ್ನೋ ಬಿಗಿಯಾಗಿ ಹಿಡಿದಿದ್ದವು. ಮರುದಿನ ಕಿರೀಟದ ಅಂಚು. ಅದರ ಮೇಲೆ ಒಂದರ ಕೆಳಗೊಂದು ತೂರಿದ ಸಣ್ಣ ಗೆರೆಗಳು.

ಹಂಪಯ್ಯ ಹಗ್ಗದಾಚೆಯಿಂದ ಕೇಳಿಯೇಬಿಟ್ಟ. "ಮೇಡಂ, ಕಿರೀಟ ಹೆಣೀತಾರೇನ್ರಿ?"

ಅದು ಕಿರೀಟವಾಗಿರಲಿಲ್ಲ. ಬಿದಿರು ಹೆಣೆದ ಪುಟ್ಟಿ. ಮಣ್ಣು ತುಂಬಿದ ಪುಟ್ಟಿ. ಮುಂದಿನ ದಿನಗಳಲ್ಲಿ ಅದರ ಕೆಳಗೆ, ತಲೆಗೂ ಪುಟ್ಟಿಗೂ ನಡುವೆ, ಹಳೆಯ ಸೀರೆ ಸುತ್ತಿ ಮಾಡಿದ ಸಿಂಬಿ. ಬೆಳ್ಳಿಯ ಕಣ್ಣುಗಳಿದ್ದ ಕಡೆ, ಅವುಗಳಿಗಿಂತ ಎಷ್ಟೋ ಸಣ್ಣದಾದ, ನೇರವಾಗಿ ಮುಂದೆ ನೋಡುವ ಕಣ್ಣು. ತುಸು ತೆರೆದ ಬಾಯಿ. ಕುತ್ತಿಗೆಯಲ್ಲಿ ಬಿಗಿದ ಎರಡು ನರ. ಕೆತ್ತಿದವನು ಯಾರೋ, ಹೊರೆ ಹೊತ್ತವಳ ಕುತ್ತಿಗೆಯನ್ನು ಹತ್ತಿರದಿಂದ ನೋಡಿದವನು. ಕೆರೆ ಕಟ್ಟುವಾಗ ಮಣ್ಣು ಹೊತ್ತು, ಅಲ್ಲಿಯೇ ಮಣ್ಣಾದ ಯಾವಳದೋ ನೆನಪಿನ ಕಲ್ಲು ಇದ್ದೀತು ಎಂದು ಯಶೋಧರಾ ಮೆಲ್ಲಗೆ ಹೇಳಿದಳು.

"ಸಾಕು, ನಿಲ್ಲಸು," ಎಂದಳು ದುರ್ಗಕ್ಕ.

ಯಶೋಧರಾ ಕಡ್ಡಿ ಕೆಳಗಿಟ್ಟಳು.

"ಕೂಲಿಯಾಕಿ ಈಕಿ. ನನ್ನಂಥಾಕಿ. ಹಂಗಾರ ನಾ ನಲವತ್ತು ವರ್ಷ ಯಾರ ಮುಂದ ಅತ್ತೀನಿ? ಊರಿಗೆ ಏನಂತ ಒಯ್ಯಲಿ? ನಿನಗ ಮೊದ್ಲ ಗೊತ್ತಿತ್ತೇನ್?"

"ಇಲ್ಲಕ್ಕ. ಕಲ್ಲಿಗಷ್ಟ ಗೊತ್ತಿತ್ತು." ಅವಳು ಕೈ ಒರೆಸಿಕೊಂಡು ಮತ್ತೆ ಹೇಳಿದಳು. "ಇದು ಗ್ಯಾಲರೀದಲ್ಲ, ನಿಮ್ಮದು. ಕಲ್ಲಿಗೆ ಮದ್ದು ಕುಡಿಸೀನಿ, ಇನ್ನ ಉದುರಂಗಿಲ್ಲ. ಮತ್ತ ಕುಂಕುಮ ಹಚ್ಚಿ ಮುಚ್ತೀವಿ ಅಂದ್ರೂ ನಾ ಬ್ಯಾಡ ಅನ್ನಂಗಿಲ್ಲ."

ಎರಡು ದಿನ ದುರ್ಗಕ್ಕ ಗ್ಯಾಲರಿಗೆ ಬರಲಿಲ್ಲ. ಕಟ್ಟೆಯ ಹಣತೆಯನ್ನು ಹಂಪಯ್ಯನೇ ಹಚ್ಚಿದ. ಮೂರನೆಯ ಬೆಳಿಗ್ಗೆ ಅವಳು ಬಂದಾಗ ಒಂದು ಕೈಯಲ್ಲಿ ಎಣ್ಣೆಯ ಬಾಟಲಿ, ಇನ್ನೊಂದರಲ್ಲಿ ದೊಡ್ಡ ಕುಂಕುಮದ ಪೊಟ್ಟಣ. ಹಂಪಯ್ಯ ಅವಳ ಮುಖ ನೋಡಿದ. ಪೂರ್ವದ ಬಾಗಿಲು ತೆರೆದ.

ಬೆಳಕು ಅವಳಿಗಿಂತ ಮೊದಲು ಒಳಗೆ ಹೋಯಿತು. ನೆಲದ ಮೇಲೆ ಹರಿದು, ನಡುಮನೆ ದಾಟಿ, ಆ ಕಲ್ಲಿನ ಪಾದ ಮುಟ್ಟಿ, ಮೇಲೇರಿತು. ದುರ್ಗಕ್ಕ ಹೊಸಿಲು ದಾಟಿದಳು. ಎದುರಿಗೆ ಒಬ್ಬ ಹೆಂಗಸು ತಲೆಯ ಮೇಲೆ ತುಂಬಿದ ಪುಟ್ಟಿ ಹೊತ್ತು, ಬೆಳಕಿನೊಳಗಿಂದ ತನ್ನ ಕಡೆಗೇ ಬರುತ್ತಿದ್ದಳು.

ಹೊರೆ ಹೊರುವ ಹೆಂಗಸರಲ್ಲಿ ಒಂದು ನಡತೆಯಿದೆ. ತುಂಬಿದ ಪುಟ್ಟಿಯನ್ನು ಒಬ್ಬಳೇ ಇಳಿಸಲಾಗುವುದಿಲ್ಲ, ಕುತ್ತಿಗೆ ಉಳುಕುತ್ತದೆ. ಆದ್ದರಿಂದ ಹೊತ್ತವಳು ಎದುರು ಬಂದು ನಿಂತರೆ, ಹತ್ತಿರ ಇದ್ದವಳು ಎಂಥ ಜಗಳವಿದ್ದರೂ, ಗುರುತೇ ಇರದಿದ್ದರೂ, ಕೈಯಲ್ಲಿದ್ದದ್ದನ್ನು ಬಿಟ್ಟು ಎರಡೂ ಕೈ ಎತ್ತಿ ಪುಟ್ಟಿಗೆ ಹಚ್ಚುತ್ತಾಳೆ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಗಣಿಯಲ್ಲಿ ದುರ್ಗಕ್ಕ ದಿನಕ್ಕೆ ನೂರು ಸಲ ಹಾಗೆ ಕೈ ಎತ್ತಿದವಳು.

ಬಾಟಲಿ ನೆಲಕ್ಕೆ ಹೋಯಿತು. ಪೊಟ್ಟಣ ನೆಲಕ್ಕೆ ಹೋಯಿತು. ಅವಳಿಗೆ ತಿಳಿಯುವ ಮೊದಲೇ ಅವಳ ಎರಡೂ ಕೈ ಮೇಲೆದ್ದು ಕಲ್ಲಿನ ಪುಟ್ಟಿಯ ತಳಕ್ಕೆ ಹತ್ತಿದ್ದವು.

ಕಲ್ಲು ತಣ್ಣಗಿತ್ತು. ಮುಖಕ್ಕೆ ಮುಖ, ಒಂದು ಗೇಣು ದೂರ. ನೇರ ನೋಡುತ್ತಿದ್ದ ಆ ಕಣ್ಣು ಈಗ ದುರ್ಗಕ್ಕನನ್ನೇ ನೋಡುತ್ತಿತ್ತು. ತೆರೆದ ಬಾಯಿ ಇನ್ನೇನು ಉಸಿರು ಬಿಟ್ಟೀತು ಅನ್ನುವಂತಿತ್ತು. ಎಷ್ಟು ನೂರು ವರ್ಷವಾಗಿತ್ತೋ! ಮಳೆ ಕೇಳಿದರು, ಮಕ್ಕಳನ್ನು ಕೇಳಿದರು, ನೀರು ಕೇಳಿದರು. ತಲೆಯ ಮೇಲಿನ ಹೊರೆ ಇಳಿಸದೆಯೇ ಆಕೆ ಎಲ್ಲರಿಗೂ ಕೊಡುತ್ತ ನಿಂತಿದ್ದಳು. ಹೊತ್ತವಳು ಹೋದಮೇಲೂ ಆ ಮಣ್ಣು ಏರಿಯಾಗಿ ನಿಂತಿದೆ, ಏರಿ ನೀರನ್ನು ಹಿಡಿದಿದೆ, ನೀರು ಊರನ್ನು ಹಿಡಿದಿದೆ. ದುರ್ಗಕ್ಕನ ಮೈ ಜುಮ್ಮೆಂದಿತು. ಕೈ ಮಾತ್ರ ಕೆಳಗಿಳಿಯಲಿಲ್ಲ.

"ಇಷ್ಟ್ ದಿನ ಗೊತ್ತಾಗಲಿಲ್ಲ ನೋಡವ್ವ," ಎಂದಳು. ಎಂದಿನಂತೆಯೇ, ಅವ್ವನ ಹತ್ತಿರ ಆಡುವ ದನಿಯಲ್ಲಿಯೇ.

ಹಂಪಯ್ಯ ಬಾಗಿಲಲ್ಲಿ ನಿಂತವನು ಒಳಗೆ ಬರಲಿಲ್ಲ. ಡ್ಯಾಮಿನ ಮೂವತ್ತಮೂರು ಗೇಟು ಒಟ್ಟಿಗೆ ತೆರೆದ ದಿನವೂ ತಾನು ಹಾಗೆ ಬೆವರಿರಲಿಲ್ಲ ಎಂದು ಅವನು ಆಮೇಲೆ ಯಶೋಧರಾಳಿಗೆ ಹೇಳಿದ.

ಯಶೋಧರಾ ಬಂದಾಗ ದುರ್ಗಕ್ಕ ಹೇಳಿದ್ದು ಒಂದೇ ಮಾತು. "ಪಾದನೂ ತೊಳಿಯವ್ವ. ಪೂರ್ತಿ ಕಾಣ್ಲಿ."

ಪಾದದ ಬೆರಳುಗಳು ಕೆಸರಿನಲ್ಲಿ ಊರಿದ್ದವು. ಅವುಗಳ ಸುತ್ತ ನೀರಿನ ಮೂರು ಗೆರೆ, ಒಂದು ಸಣ್ಣ ಮೀನು.

ನಲವತ್ತನೆಯ ದಿನ ಬಂಡ್ರಿಯಿಂದ ಟ್ರ್ಯಾಕ್ಟರ್ ಬಂತು. ಸಂಡೂರು ದಾರಿಯ ಅದಿರು ಲಾರಿಗಳ ಧೂಳಿಗೆ ಎಲ್ಲರ ತಲೆಯೂ ಕೆಂಪಾಗಿತ್ತು. ಮುಂದೆ ಕಾರಿನಲ್ಲಿ ಕೊಟ್ರಬಸಪ್ಪ. ದುರ್ಗಕ್ಕ ಕಲ್ಲಿನ ಪಕ್ಕದಲ್ಲಿ ನಿಂತಿದ್ದಳು. ಹಣೆಗೆ ಒಂದು ಬೊಟ್ಟು ಕುಂಕುಮ ಬಿಟ್ಟರೆ ಕಲ್ಲು ಬರಿಯದಾಗಿತ್ತು. ಬೆಳ್ಳಿಯ ಕಣ್ಣುಗಳು ಪಾದದ ಬಳಿ ಇದ್ದವು. ಅವಳು ಬರಿದಾದ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಇಷ್ಟು ದಿನ ತಾನು ಕಂಡದ್ದು ತನಗೊಬ್ಬಳಿಗೇ ಕಂಡದ್ದಾದರೆ?

ಸಾಹುಕಾರರು ಒಳಗೆ ಬಂದು ನಿಂತರು. "ಏನಿದು? ನಮ್ಮ ಅವ್ವ ಎಲ್ಲಿ?"

"ಮುಂದ ಅದಾಳ್ರಿ."

"ಇದು ಯಾವಳೋ ಕೂಲಿಯಾಕಿ, ದುರ್ಗಕ್ಕ! ದೇವ್ರನ್ನ ಒಯ್ದು ಕೂಲಿಯಾಕೀನ್ನ ಕೊಡ್ತೀಯೇನ್? ಕರ್ಪೂರ ಹಿಡಿದು ಏನಂದಿದ್ದಿ?"

ದುರ್ಗಕ್ಕ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಟ್ರ್ಯಾಕ್ಟರಿನ ಹೆಂಗಸರು ಬಂದರು. ಸೆರಗಿನಿಂದ ಮುಖದ ಧೂಳು ಒರೆಸುತ್ತ, ತಮ್ಮತಮ್ಮಲ್ಲೇ ನಗುತ್ತ ಬಂದವರು ತಲೆ ಎತ್ತಿದರು. ನಗು ನಿಂತಿತು. ಮುಂದಿದ್ದವಳು ಕೈಯಲ್ಲಿದ್ದ ಬುತ್ತಿಯ ಗಂಟನ್ನು ನೆಲಕ್ಕೆ ಬಿಟ್ಟು, ನಾಲ್ಕು ಹೆಜ್ಜೆ ಜೋರಾಗಿ ನಡೆದು, ಎರಡೂ ಕೈ ಪುಟ್ಟಿಗೆ ಹಚ್ಚಿದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಮೂರನೆಯವಳು, ಜಾಗ ಸಾಲದೆ ಅವರ ತೋಳುಗಳ ನಡುವೆ ಕೈ ತೂರಿಸಿ. ಯಾರೂ ಯಾರಿಗೂ ಹೇಳಲಿಲ್ಲ.

"ಏನ್ ಮಾಡಾಕತ್ತೀರಿ ಬೇ?"

"ಅವ್ವನ ಹೊರಿ ಇಳಸಾಕತ್ತೀವ್ರಿ ಸಾವ್ಕಾರ್ರ. ಕಾಣವಲ್ದೇನು?" ಎಂದಳು ಮುಂದಿದ್ದವಳು.

ಅವ್ವ ಎಂಬ ಆ ಮಾತು ಎತ್ತರದ ಗೋಡೆಗಳಿಗೆ ತಾಗಿ ತಿರುಗಿ ಬಂತು. ದುರ್ಗಕ್ಕ ಕಣ್ಣು ಮುಚ್ಚಿಕೊಂಡಳು.

ಕೊಟ್ರಬಸಪ್ಪ ಒಂದು ಹೆಜ್ಜೆ ಮುಂದೆ ಬಂದರು. ಕಲ್ಲಿನ ಕುತ್ತಿಗೆಯ ಎರಡು ನರಗಳನ್ನು ನೋಡಿದರು. ಕೆಸರಿನಲ್ಲಿ ಊರಿದ ಬೆರಳುಗಳನ್ನು ನೋಡಿದರು. ಆಮೇಲೆ ಬಾಗಿಲಿನವರೆಗೆ ತಿರುಗಿ ನಡೆದರು. ಹೊರಟೇಹೋದರು ಎಂದುಕೊಂಡಳು ದುರ್ಗಕ್ಕ. ಆದರೆ ಅವರು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಮರಳಿ ಬಂದರು. ಹೆಂಗಸರು ಸರಿದು ಜಾಗ ಕೊಟ್ಟರು. ಒಂದು ಕೈಯಲ್ಲಿ ಫೋನು ಹಿಡಿದುಕೊಂಡೇ ಇನ್ನೊಂದು ಕೈಯನ್ನು, ಕಾದ ಹಂಚು ಮುಟ್ಟುವವರಂತೆ, ಮೇಲೆತ್ತಿದರು.

"ಎರಡೂ ಕೈ ಹಚ್ರಿ ಸಾವ್ಕಾರ್ರ," ಎಂದಳು ದುರ್ಗಕ್ಕ. "ಒಂದ ಕೈಲಿ ಇಳಿಯಂಗಿಲ್ಲ."

ಅವರು ಫೋನನ್ನು ಜೇಬಿಗೆ ಹಾಕಿದರು.