ಬೂದಿಗೆರೆ ಹುಲಿಯ ದನಿ

"ಅದೂ ಹೋಗ್ಬೇಕು, ಅದರ ಕೆಳಗಿಂದೂ ಹೋಗ್ಬೇಕು," ಎಂದಳು ಪ್ರಮೋದಾ, ಮೇಜಿನ ಮೇಲಿದ್ದ ಫೋನಿನತ್ತ ಬೆರಳು ತೋರಿಸುತ್ತಾ. "ಕೆಳಗಿಂದ್ರಲ್ಲಂತೂ ಬಾಯಿಗೆ ಬಂದಂಗೆ ಬೈದಿದೀನಿ."

ಕೆಂಪರಾಜು ಒತ್ತಿದ. ಖಂಡಿತ ಅಳಿಸಬೇಕೇ ಎಂದು ಫೋನು ಕೇಳಿತು. ಪ್ರತಿ ವಿಡಿಯೋಗೂ ಅದು ಹಾಗೆ ಕೇಳುತ್ತಿತ್ತು, ಪ್ರತಿ ಸಲವೂ ಅವನು ಒಂದು ಗಳಿಗೆ ತಡೆದು ಹೌದು ಎನ್ನುತ್ತಿದ್ದ. ಹೊಸಕೋಟೆ ಬಸ್ ಸ್ಟ್ಯಾಂಡಿನ ಎದುರಿನ ಆ ಬೇಕರಿಯಲ್ಲಿ ಭಾನುವಾರದ ಗಿರಾಕಿಗಳು ಖಾರ ಬನ್ನಿಗೆ ಮುಗಿಬಿದ್ದಿದ್ದರು. ಇವರಿಬ್ಬರ ಟೀ ಮಾತ್ರ ಕುಡಿಯುವವರಿಲ್ಲದೆ ಕೆನೆ ಕಟ್ಟಿ ಕೂತಿತ್ತು.

ಬೆಳಿಗ್ಗೆ ಈ ಮಹಾರಾಯ ಏನೇನು ಅಂದುಕೊಂಡು ಮನೆ ಬಿಟ್ಟಿದ್ದ ಎಂದು ನೆನೆದರೆ ನಗುವೂ ಬರುತ್ತದೆ, ಪಾಪ ಅನ್ನಿಸುವುದೂ ಉಂಟು. 'ಒಂದು ವಿಷಯ ಮಾತಾಡ್ಬೇಕಿತ್ತು, ಭಾನುವಾರ ಸಿಗ್ತೀಯಾ?' ಎಂದು ಅವಳ ಮೆಸೇಜು ಬಂದದ್ದೇ ಬಂದದ್ದು, ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವಾಗಲೂ ತನ್ನಷ್ಟಕ್ಕೆ ತಾನೇ ನಗತೊಡಗಿದ್ದ. "ಏನಪ್ಪಾ, ಹುಷಾರಾಗಿದೀಯಾ ತಾನೆ?" ಎಂದು ಸೂಪರ್‌ವೈಸರ್ ವಿಚಾರಿಸಿಯೂ ಆಗಿತ್ತು. ಇವತ್ತು ಇಸ್ತ್ರಿ ಅಂಗಡಿಯಿಂದ ಬಿಸಿಬಿಸಿ ಅಂಗಿ ತಂದು ತೊಟ್ಟು, ಗೆಳೆಯ ತಬ್ರೇಜನ ಮನೆಗೆ ಹೋಗಿ ಅತ್ತರು ಹಚ್ಚಿಸಿಕೊಂಡು ಬಂದಿದ್ದ. ಅತ್ತರು ಸ್ವಲ್ಪ ಜಾಸ್ತಿಯೇ ಆಗಿತ್ತು.

ಅವನು ಅವಳ ಮುಖ ನೋಡಿದ್ದು ಇವತ್ತೇ ಮೊದಲು. ಅಲ್ಲಿಯವರೆಗೆ ಇಬ್ಬರದೂ ಬರೀ ಕಿವಿಯ ಗುರುತು. ಕೊರೊನಾ ಕಾಲದಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡು ಕೂತಿದ್ದಾಗ, ಫೋನಿನಲ್ಲಿ ಗುಂಡು ಹಾರಿಸುವ ಆಟವೊಂದಕ್ಕೆ ತಬ್ರೇಜ್ ನಾಲ್ಕು ಜನರ ತಂಡ ಕಟ್ಟಿದ್ದ. ನಾಲ್ಕನೆಯವನ ಹೆಸರು 'ಬೂದಿಗೆರೆ ಹುಲಿ'. ನಮ್ಮ ಕಾಲೇಜು ಫ್ರೆಂಡು ಎಂದಷ್ಟೇ ತಬ್ರೇಜ್ ಹೇಳಿದ್ದ. ಹುಲಿ ಮಾತಾಡುತ್ತಿರಲಿಲ್ಲ, ಏನಿದ್ದರೂ ಟೈಪು ಮಾಡುತ್ತಿತ್ತು. ಗುರಿ ಮಾತ್ರ ತಪ್ಪುತ್ತಿರಲಿಲ್ಲ. ಒಂದು ದಿನ ಆಟದ ಬಯಲಿನಲ್ಲಿ ಕೆಂಪರಾಜು ಪೆದ್ದನಂತೆ ನಿಂತಿದ್ದಾಗ ಇದ್ದಕ್ಕಿದ್ದಂತೆ ಹೆಣ್ಣುದನಿಯೊಂದು ಕಿವಿಗೆ ಬಡಿಯಿತು: "ಲೇ ಕೆಂಪ, ಬಗ್ಗೋ, ಮೇಲವ್ನೆ!" ಬಗ್ಗುವುದಿರಲಿ, ತಂಡದ ಗಂಡಸರೆಲ್ಲ ಬೆರಗಾಗಿ ನಿಂತಲ್ಲೇ ನಿಂತು ಗುಂಡು ತಿಂದರು. ಆಮೇಲೆ ಅವಳು ಮೈಕು ಮುಚ್ಚಲೇ ಇಲ್ಲ.

ಆ ಆಟಗಳನ್ನೆಲ್ಲ ರೆಕಾರ್ಡು ಮಾಡಿ ಕೆಂಪರಾಜು ತನ್ನದೊಂದು ಚಾನೆಲ್ಲಿಗೆ ಹಾಕುತ್ತಿದ್ದ. ನೋಡುತ್ತಿದ್ದವರು ಹೆಚ್ಚಾಗಿ ತಬ್ರೇಜನ ನೆಂಟರ ಹುಡುಗರು. ಆಮೇಲೆ ಕಾಲೇಜುಗಳು ತೆರೆದವು, ಒಬ್ಬೊಬ್ಬರಿಗೂ ಕೆಲಸ ಸಿಕ್ಕಿತು, ತಂಡ ಚದುರಿತು. ಹುಲಿಯ ಹೆಸರು ಮಾತ್ರ ಆಟದ ಗೆಳೆಯರ ಸಾಲಿನಲ್ಲಿ ಬೂದು ಬಣ್ಣದಲ್ಲಿ ಉಳಿದಿತ್ತು. ಕೆಲಸದಿಂದ ಬಂದವನು ದಿನಾ ಒಮ್ಮೆ ಅದನ್ನು ತೆಗೆದು ನೋಡುತ್ತಿದ್ದ, ಪಕ್ಕದಲ್ಲಿ ಹಸಿರು ಚುಕ್ಕೆ ಹತ್ತಿದೆಯೇನೋ ಎಂದು. ಹೋದ ತಿಂಗಳು ನೋಡಿದರೆ ಹೆಸರೇ ಇರಲಿಲ್ಲ.

"ನಾನೇ ತೆಗೆಸ್ದೆ," ಎಂದಿದ್ದಳು ಪ್ರಮೋದಾ ಬಂದು ಕೂತ ಕೂಡಲೇ. "ನಮ್ಮದನ್ನ ಅಳಿಸಿ ಅಂತ ಕೇಳೋ ಹಕ್ಕು ನಮಗೈತಂತೆ. ಆಟದ ಕಂಪನಿಯೋರಿಗೆ ಬರೆದೆ. ಅಕೌಂಟು, ಆಡಿದ್ದು, ಗೆದ್ದಿದ್ದು, ಎಲ್ಲಾ ಅಳಿಸಿದ್ರು. ನಿನ್ನ ಚಾನೆಲ್ಲಲ್ಲಿರೋದು ಅವರ ಕೈಲಿಲ್ಲ ಅಂದ್ರು. ಅದಕ್ಕೇ ತಬ್ರೇಜ್ ಹತ್ರ ನಿನ್ನ ನಂಬರ್ ಇಸ್ಕೊಂಡು, ನಿನ್ನನ್ನ ಕೇಳಾಣ ಅಂತ ಬಂದೆ."

"ಫೋನಲ್ಲೇ ಹೇಳ್ಬೋದಿತ್ತಲ್ಲ."

"ಹೇಳ್ಬೋದಿತ್ತು. ಕೇಳ್ಕೊಳ್ಳೋಳು ನಾನು, ಎದುರಿಗೆ ಬಂದು ಕೇಳೋದು ಸರಿ ಅನ್ನಿಸ್ತು."

ಅವಳೀಗ ದೇವನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಮಿಸ್ಸು. ಎಂಟನೇ ಕ್ಲಾಸಿನ ಯಾವನೋ ಪುಣ್ಯಾತ್ಮನಿಗೆ ಈ ವಿಡಿಯೋ ಸಿಕ್ಕಿಬಿಟ್ಟಿತ್ತು. ಇವಳು ಬೋರ್ಡಿನ ಕಡೆ ತಿರುಗುವುದೇ ತಡ, ಹಿಂದಿನ ಬೆಂಚಿನಿಂದ "ಲೇ ಕೆಂಪ, ಬಗ್ಗೋ!" ಎಂದು ದನಿ ಏಳುತ್ತಿತ್ತು. ಇಡೀ ಕ್ಲಾಸೇ ಬಗ್ಗುತ್ತಿತ್ತು.

"ಬೈಯಕ್ಕೂ ಆಗಲ್ಲ, ನಗಕ್ಕೂ ಆಗಲ್ಲ. ಹೆಡ್‌ಮಾಸ್ಟ್ರು ಕರೆದು, ಇದು ನೀವೇನಾ ಅಂತ ನನ್ನೆದುರಿಗೇ ಹಾಕಿ ಕೇಳ್ಸಿದ್ರು. ಆ ಬೈಗುಳ ಎಲ್ಲಾ ಕೇಳಿ ಮುಖ ಎಲ್ಲಿಟ್ಕೊಳ್ಳಲಿ ಅಂತ ಗೊತ್ತಾಗ್ಲಿಲ್ಲ."

"ಅಂದ್ರೆ ಆಡಿದ್ದೇ ಬೇಜಾರಾ ನಿಂಗೆ?" ಕೆಂಪರಾಜುವಿಗೆ ಅದನ್ನು ತಿಳಿಯುವುದೇ ಮುಖ್ಯವಾಗಿತ್ತು.

"ಬೇಜಾರಲ್ಲ ಕಣೋ. ಚೆನ್ನಾಗಿತ್ತು. ಅದು ನಮ್ಮ ನಾಲ್ಕು ಜನದ್ದು, ನಮ್ಮಲ್ಲೇ ಇರ್ಲಿ. ಕಂಡೋರೆಲ್ಲ ಯಾಕೆ ಕೇಳ್ಬೇಕು?"

ಅಷ್ಟು ಅಂದ ಮೇಲೆ ಅವನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಒಂದೊಂದಾಗಿ ಅಳಿಸುತ್ತಾ ಹೋದ. ಕೊನೆಯದೂ ಹೋಯಿತು. ಪ್ರಮೋದಾ ನಿಟ್ಟುಸಿರುಬಿಟ್ಟು ಬ್ಯಾಗು ಹೆಗಲಿಗೆ ಹಾಕಿಕೊಂಡಳು.

"ಇನ್ನೆಲ್ಲೂ ಇಲ್ಲ ತಾನೆ?"

ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವಳು ನಂಬಿ ಬಸ್ಸು ಹತ್ತುತ್ತಿದ್ದಳು. ಚಾನೆಲ್ಲಿಗೆ ಹಾಕದ ರೆಕಾರ್ಡೊಂದು ಅವನ ಹತ್ತಿರ ಇತ್ತು. ಆಗಿನ ಕಾಲದ ಒಂದು ಸಂಜೆ, ಆಟ ಮುಗಿದು ಉಳಿದಿಬ್ಬರೂ ಹೊರಟುಹೋಗಿದ್ದರು. ಅಷ್ಟರಲ್ಲಿ ಅವನ ಅಮ್ಮ ಡೇರಿಗೆ ಹಾಲು ಹಾಕಿ ಬಾ ಎಂದು ಕೂಗಿದ್ದಳು. ಫೋನನ್ನು ಹಾಗೇ ಮಂಚದ ಮೇಲೆ ಬಿಟ್ಟು ಕ್ಯಾನು ಹಿಡಿದು ಓಡಿದ್ದ. ಅವಳ ಮೈಕು ತೆರೆದೇ ಇತ್ತು, ಇವನ ರೆಕಾರ್ಡೂ ನಡೆಯುತ್ತಲೇ ಇತ್ತು. ಮರುದಿನ ಹಾಕಿ ಕೇಳಿದರೆ ಅವಳ ಮನೆಯ ಕುಕ್ಕರು ಕೂಗಿತು, ಯಾರೋ ಬಕೆಟ್ಟು ಎಳೆದರು, ಅವಳು ಏನನ್ನೋ ಗುನುಗಿದಳು. ಆಮೇಲೆ ಮೆಲ್ಲಗೆ "ರಾಜೂ..." ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಇದೀಯಾ? ಒಂದ್ ಮಾತು ಹೇಳ್ಬೇಕಿತ್ತು." ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಹೋಗ್ಲಿ ಬಿಡು." ಅಷ್ಟೇ.

ಊರಿಗೆಲ್ಲ ಅವನು ಕೆಂಪ. ರಾಜು ಎಂದು ಕರೆದವಳು ಅವಳೊಬ್ಬಳೇ, ಅದೂ ಒಂದೇ ಸಲ, ಅದೂ ಅವನು ಇಲ್ಲದಾಗ. ಫೋನು ಬದಲಿಸಿದಾಗಲೆಲ್ಲ ಮೊದಲು ಅದನ್ನು ಹೊಸದಕ್ಕೆ ಸಾಗಿಸಿಕೊಂಡು ಆಮೇಲೆ ಉಳಿದದ್ದರ ಯೋಚನೆ ಮಾಡುತ್ತಿದ್ದ. ಮನಸ್ಸು ಸರಿ ಇಲ್ಲದ ದಿನ ಒಂದು ಸಲ ಕೇಳುತ್ತಿದ್ದ. ಅದನ್ನು ಕಳೆದುಕೊಂಡರೆ ಅವಳದೆನ್ನುವುದು ತನ್ನ ಹತ್ತಿರ ಏನೂ ಉಳಿಯುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಒಂದೈತೆ," ಎಂದ. ಇಯರ್‌ಫೋನು ಸಿಕ್ಕಿಸಿ ಅವಳ ಕೈಗೆ ಕೊಟ್ಟ.

ಅವಳು ಬ್ಯಾಗನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ಕೇಳಿದಳು. ಮೊದಲು ಹುಬ್ಬು ಗಂಟಿಕ್ಕಿತು, ಆಮೇಲೆ ಬಿಟ್ಟಿತು. ಮುಗಿದ ಮೇಲೆ ಹಿಂದಕ್ಕೆಳೆದು ಇನ್ನೊಂದು ಸಲ ಕೇಳಿದಳು. ಅವನು ಬೇಕರಿಯ ಗಾಜಿನೊಳಗಿದ್ದ ದಿಲ್ ಪಸಂದನ್ನು, ಈ ಜನ್ಮದಲ್ಲಿ ಕಂಡೇ ಇಲ್ಲವೆಂಬಂತೆ, ನೋಡುತ್ತಾ ಕೂತಿದ್ದ.

"ಯಾರ್ಗಾದ್ರೂ ಕೇಳ್ಸಿದೀಯಾ?"

"ಇಲ್ಲ. ತಬ್ರೇಜ್‌ಗೂ ಇಲ್ಲ."

"ನೀನು ಬಾಯಿಬಿಡ್ದೆ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ."

"ನಿಂದಲ್ವಾ ದನಿ. ನೀನೇ ಎದುರಿಗೆ ಕೂತು ಕೇಳ್ತಿರೋವಾಗ ಇಲ್ಲ ಅಂತ ಹೆಂಗೇಳ್ಲಿ?" ಅವನು ಆರಿದ ಟೀಯನ್ನೇ ಒಂದು ಗುಟುಕು ಕುಡಿದ. "ಅವತ್ತು ಏನ್ ಹೇಳಕ್ಕೆ ಕರೆದಿದ್ದು?"

ಪ್ರಮೋದಾ ಇಯರ್‌ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡಳು.

"ನೀನು ಇದನ್ನ ಯಾವಾಗ ಕೇಳ್ದೆ?"

"ಮಾರನೇ ದಿನಾನೇ."

"ಮಾರನೇ ದಿನಾನೂ ಆಡಿದ್ವಲ್ಲೋ. ಅದಾದ್ಮೇಲೂ ಎಷ್ಟೋ ದಿನ ಆಡಿದ್ವಿ."

"ಹೂಂ."

"ಕೇಳಿದ್ರೆ ಹೇಳ್ತಿದ್ದೆ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಕೇಳಿದರೆ ಏನಾಗುತ್ತದೋ ಎಂದು ಹೆದರಿದೆ, ಇದಾದರೂ ಇರಲಿ ಎಂದು ಇಟ್ಟುಕೊಂಡೆ ಎನ್ನಬೇಕೆಂದುಕೊಂಡ. ಕೇಳಿದ್ದು ಮಾತ್ರ ಬೇರೆ.

"ಈಗ ಹೇಳಕ್ಕಾಗಲ್ವಾ?"

ಅವಳು ಅವನ ಮುಖವನ್ನು, ಇಸ್ತ್ರಿ ಅಂಗಿಯನ್ನು, ಮತ್ತೆ ಮುಖವನ್ನು ನೋಡಿದಳು. ಏನು ಅಂದುಕೊಂಡು ಬಂದಿದ್ದಾನೆಂದು ಅವಳಿಗೆ ಆಗ ಗೊತ್ತಾಗಿರಬೇಕು.

"ಆಗ ಇದ್ದ ಮಾತು ಕಣೋ ಅದು," ಎಂದಳು ನಿಧಾನವಾಗಿ. "ಈಗ ಹೇಳಿದ್ರೆ ಸುಳ್ಳಾಗೋಗ್ತದೆ."

ಫೋನು ಅವಳ ಕೈಯಲ್ಲೇ ಇತ್ತು. ಅಳಿಸಿದಳು. ಆಮೇಲೆ ಅಳಿಸಿದ್ದೆಲ್ಲ ಒಂದು ತಿಂಗಳು ಬಿದ್ದಿರುವ ಕಸದ ಬುಟ್ಟಿಯನ್ನೂ ತೆರೆದಳು. ಅಂಥದೆಲ್ಲ ಹುಲಿಗೆ ತಿಳಿಯದ್ದೇನಲ್ಲ. ಅಲ್ಲಿ ಬೆರಳು ನಿಂತಿತು.

"ಇಲ್ಲಿಂದಾನೂ ತೆಗೀಲಾ?"

ಕೆಂಪರಾಜು ಹೂಂ ಎಂದು ತಲೆಯಾಡಿಸಿದ. ಅವಳು ಒತ್ತಿದಳು. ಫೋನನ್ನು ಎರಡೂ ಕೈಯಿಂದ ಅವನಿಗೆ ಕೊಟ್ಟು, "ಬರ್ತೀನಿ ಕಣೋ," ಎಂದು ಎದ್ದಳು. ಬಾಗಿಲ ಹತ್ತಿರ ಒಮ್ಮೆ ನಿಂತು, ಇನ್ನೇನೋ ಅನ್ನುವವಳಂತೆ ಕಂಡು, ಬೂದಿಗೆರೆ ಕಡೆಯ ಬಸ್ಸು ಹೊರಡುವುದನ್ನು ನೋಡಿ ರಸ್ತೆ ದಾಟಿ ಓಡಿದಳು.

ಬಸ್ಸು ಕಣ್ಮರೆಯಾಗುವ ತನಕ ನೋಡಿ ಅವನು ಫೋನನ್ನು ತೆರೆದ. ಆ ರೆಕಾರ್ಡು ಇದ್ದ ಜಾಗ ಖಾಲಿಯಾಗಿ ಕಾಣುತ್ತದೆ ಎಂದು ಯಾಕೋ ಅಂದುಕೊಂಡಿದ್ದ. ಖಾಲಿ ಇರಲಿಲ್ಲ. ಪಕ್ಕದ ಫೋಟೋ ಸರಿದು ಬಂದು ಅಲ್ಲಿ ಕೂತಿತ್ತು: ಗೋಡೌನಿನಲ್ಲಿ ಯಾವತ್ತೋ ಬಿದ್ದು ಒಡೆದ ಒಂದು ರಟ್ಟಿನ ಡಬ್ಬ, ಸೂಪರ್‌ವೈಸರಿಗೆ ಕಳಿಸಲೆಂದು ತೆಗೆದದ್ದು.