ಪುಷ್ಪಗಿರಿಯ ಬಂಡೆ

ಮದುವೆಯಾಗಿ ಹನ್ನೆರಡು ವರ್ಷ ಗುರುಸಿದ್ದಮ್ಮ ಸೋಮವಾರಪೇಟೆಯ ಮನೆಯ ಹಿತ್ತಿಲಿನಿಂದ ಪುಷ್ಪಗಿರಿಯನ್ನು ನೋಡಿದ್ದಳೇ ಹೊರತು ಒಂದು ದಿನವೂ ಬೆಟ್ಟ ಹತ್ತಿದವಳಲ್ಲ. ಕೊಡಗು ರಾಜ್ಯದ ಮೊದಲ ಚುನಾವಣೆ ಮುಗಿದ ಮರುವರ್ಷ, ಪುಷ್ಯ ಮಾಸದಲ್ಲಿ, ಏಲಕ್ಕಿ ವ್ಯಾಪಾರಿಯಾದ ಅವಳ ಗಂಡ ಕಲ್ಲೇಶಪ್ಪ ಊಟಕ್ಕೆ ಕೂತವನು ತಾನಾಗಿಯೇ ಹೇಳಿದ.

“ನಾಳಿದ್ದು ಬೆಟ್ಟಕ್ಕೆ ಹೋಗಣ. ಮೇಲಿರೋ ಲಿಂಗಕ್ಕೆ ಕೈ ಮುಗಿದು ಬರಣ. ಒಂದು ಮಗುವಾದರೂ ಆಗ್ಲಿ.”

ಅವನು ಮಗುವಿನ ಮಾತನ್ನು ಬೈಗುಳವಿಲ್ಲದೆ ಆಡಿದ್ದು ಅದೇ ಮೊದಲು. ಅವಳು ರೊಟ್ಟಿ ತಟ್ಟಿ, ಚಟ್ನಿಪುಡಿ ಕುಟ್ಟಿ ಗಂಟು ಕಟ್ಟಿದಳು.

ಅವನಿಗೆ ಕಾಡಿನಿಂದ ಏಲಕ್ಕಿ ಬಿಡಿಸಿ ತರುತ್ತಿದ್ದ ಬೋಜ ದಾರಿ ತೋರಿಸಲು ಮುಂದೆ ನಡೆದ. ಕಾಡು ದಾಟಿ ಹುಲ್ಲುಗಾವಲಿಗೆ ಬಂದಾಗ ಮೋಡ ತಮಗಿಂತ ಕೆಳಗಿರುವುದನ್ನು ಕಂಡು ಗುರುಸಿದ್ದಮ್ಮ ಗಕ್ಕನೆ ನಿಂತಳು. ಕಾಲು ನೋಯುತ್ತಿತ್ತು, ಎದೆ ಡವಗುಟ್ಟುತ್ತಿತ್ತು, ಆದರೂ ಮುಖದಲ್ಲಿ ನಗು. ಗಂಡ ಅವಳ ಗಂಟನ್ನು ತಾನೇ ಹೊತ್ತುಕೊಂಡ. ಇಂಥ ದಿನವೂ ತನ್ನ ಹಣೆಯಲ್ಲಿ ಬರೆದಿತ್ತಲ್ಲ ಎಂದುಕೊಂಡಳು.

ಆಮೇಲೆ ಬಂಡೆ ಎದುರಾಯಿತು. ಕಲ್ಲೇಶಪ್ಪ ಬೋಜನನ್ನು ಮುಂದೆ ಕಳಿಸಿ, ತಾನು ಸರಸರ ಹತ್ತಿ, ಅವಳನ್ನು ಒಂದೊಂದೇ ಹೆಜ್ಜೆ ಮೇಲಕ್ಕೆ ಕರೆದ. ಅರ್ಧ ಬಂಡೆಯಲ್ಲಿ ಒಂದು ಪಾದ ಊರುವಷ್ಟೇ ಜಾಗ. ಅಲ್ಲಿಂದ ಮೇಲೆ ಹಿಡಿತ ಸಿಗಲಿಲ್ಲ. ಕೆಳಗೆ ನೋಡಿದರೆ ಕಣ್ಣು ಕತ್ತಲಿಟ್ಟಿತು.

“ಕೈ ಕೊಡಿ,” ಎಂದಳು.

ಅವನು ಮೇಲೆ ಕುಕ್ಕುರುಗಾಲಲ್ಲಿ ಕೂತ. “ಕೊಡ್ತೀನಿ. ಒಂದು ಮಾತಿದೆ. ಕೊಡ್ಲಿಪೇಟೆಯ ಹೆಣ್ಣೊಂದನ್ನ ನೋಡಿದೀನಿ. ನೀನು ಒಪ್ಪದಿದ್ರೆ ಕೊಡಲ್ಲ ಅಂತಾರೆ ಅವರಪ್ಪ.”

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಬಂಡೆಗೆ ಇನ್ನಷ್ಟು ಒತ್ತಿ ಆತುಕೊಂಡಳು.

“ಮನೇಲಿ ಮಾತಾಡಣ ಕಣ್ರೀ. ಕಾಲು ಜಾರ್ತಿದೆ.”

“ಮನೇಲಿ ಕೇಳಿದ್ರೆ ನಿಮ್ಮಣ್ಣನ್ನ ಕರೆಸ್ತೀಯ. ಇಲ್ಲೇ ಹೇಳು.”

ಅವಳು ಅತ್ತಳು. ಅವನು ಗಂಟು ಬಿಚ್ಚಿ ರೊಟ್ಟಿ ಮುರಿದು ತಿನ್ನುತ್ತಾ ಕಾದ. ಬೆರಳು ಮರಗಟ್ಟಿ ಕಲ್ಲು ಹಿಡಿದಿದೆಯೋ ಬಿಟ್ಟಿದೆಯೋ ತಿಳಿಯದಂತಾದಾಗ ಅವಳು ಹೂಂ ಎಂದಳು.

“ಜೋರಾಗಿ ಹೇಳು. ಬೋಜನಿಗೂ ಕೇಳಲಿ.”

“ಒಪ್ಪಿದೆ. ಮದುವೆ ಆಗಿ,” ಎಂದು ಕೂಗಿದಳು. ಆಗ ಅವನು ಕೈ ಚಾಚಿ ಎಳೆದುಕೊಂಡ.

ಮೇಲೆ ಕಾಯುತ್ತಿದ್ದ ಬೋಜ ಅವಳ ತರಚಿದ ಮೊಣಕೈ ನೋಡಿದ. “ಅಮ್ಮಾವ್ರನ್ನ ಯಾಕೆ ಬಂಡೆ ಮೇಲೆ ತಂದ್ರಿ ಯಜಮಾನ್ರೇ? ಹಿಂದುಗಡೆ ದನ ಬರೋ ದಾರಿ ಐತಲ್ಲ. ಮೊನ್ನೆ ತೋರಿಸಿದ್ದೆ.”

ಕಲ್ಲೇಶಪ್ಪ ಲಿಂಗದ ಮುಂದೆ ಕರ್ಪೂರ ಹಚ್ಚಿ ಕಣ್ಣು ಮುಚ್ಚಿದ. ಅವಳೂ ಪಕ್ಕದಲ್ಲಿ ನಿಂತಳು, ಕೈ ಮಾತ್ರ ಮುಗಿಯಲಿಲ್ಲ. ಇಳಿಯುವಾಗ ಮೂವರೂ ದನದ ದಾರಿಯಲ್ಲೇ ಬಂದರು.

ವಾರದೊಳಗೆ ಶನಿವಾರಸಂತೆಯಿಂದ ಅವಳ ಅಣ್ಣ ರೇವಣ್ಣ ಬಂದ. ಹಿರಿಯರು ಸೇರಿದರು. ಗುರುಸಿದ್ದಮ್ಮ ನಡೆದುದನ್ನೆಲ್ಲ ಬಿಡದೆ ಹೇಳಿದಳು. ಅವರು ಬೋಜನನ್ನು ಕರೆಸಿದರು.

“ಒಪ್ಪಿದೆ ಅಂದಿದ್ದು ಕೇಳಿಸ್ತಾ?”

“ಕೇಳಿಸ್ತು. ಆದ್ರೆ ಅಮ್ಮಾವ್ರು ಆಗ…”

“ಅಷ್ಟು ಸಾಕು,” ಎಂದರು ಹಿರಿಯರು. “ಲಿಂಗದ ಸನ್ನಿಧಿಯಲ್ಲಿ ಆಡಿದ ಮಾತು.”

ರೇವಣ್ಣ ತಲೆ ತಗ್ಗಿಸಿ ಕಾಫಿ ಕುಡಿದ. “ನನಗೂ ಮೂರು ಹೆಣ್ಣುಮಕ್ಕಳು ಕಣಮ್ಮ, ನಿನ್ನ ಕರ್ಕೊಂಡು ಹೋಗಿ ಏನು ಮಾಡ್ಲಿ?” ಎಂದು ಎದ್ದು ಹೋದ.

ಮಾಘದಲ್ಲಿ ಮದುವೆಯಾಯಿತು. ಹೊಸ ಹೆಂಡತಿ ವಿಶಾಲಾಕ್ಷಿಗೆ ಹದಿನೆಂಟು ತುಂಬಿತ್ತಷ್ಟೇ. ಗುರುಸಿದ್ದಮ್ಮನ ಹಿಂದೆ ಮುಂದೆ ಅಕ್ಕ ಅಕ್ಕ ಎಂದು ಸುತ್ತುತ್ತಿದ್ದಳು. ಒಂದು ಮಧ್ಯಾಹ್ನ ತಲೆ ಬಾಚಿಸಿಕೊಳ್ಳುತ್ತಾ ಕೇಳಿದಳು.

“ಅಕ್ಕ, ಇವರು ನನ್ನನ್ನೂ ಬೆಟ್ಟಕ್ಕೆ ಕರ್ಕೊಂಡು ಹೋಗ್ತೀನಿ ಅಂದ್ರು. ಹತ್ತೋದು ಕಷ್ಟವಾ?”

ಆ ಹುಡುಗಿ ಬಂದ ದಿನದಿಂದ ತನಗೆ ಒಂದು ಕೆಟ್ಟ ಮಾತನ್ನೂ ಆಡಿದ್ದಿಲ್ಲ ಎಂಬುದು ಗುರುಸಿದ್ದಮ್ಮನಿಗೆ ಗೊತ್ತಿತ್ತು. ದನದ ದಾರಿಯ ಮಾತು ಬಾಯಿವರೆಗೆ ಬಂದರೂ ಅವಳು ಬಾಚಣಿಗೆ ಕೆಳಗಿಟ್ಟು ಕೂದಲನ್ನು ಮೂರು ಎಳೆ ಮಾಡಿದಳು.

“ಏನೂ ಕಷ್ಟವಿಲ್ಲ. ಅವರು ಹೇಳಿದ ಕಡೆ ಕಾಲಿಡು, ಆಯ್ತು,” ಎಂದು ಜಡೆ ಬಿಗಿದಳು.