ಹಸಿರು ಬೆಕ್ಕು

ಸಿರಿಂಜಿನ ಸೂಜಿ ಪ್ರಿಂಟರಿನ ಇಂಕ್ ಕಾರ್ಟ್ರಿಜ್‌ನ ತೂತಿಗೆ ಇಳಿಯುವ ಹೊತ್ತಿಗೇ ಒಳಕೋಣೆಯಿಂದ ಅಮ್ಮ ಕೂಗಿದಳು. "ಬಂದನೇನೋ ದೊರೆ?"

"ಇಲ್ಲಮ್ಮ," ಎಂದ ಅವನು, ಉಸಿರು ಬಿಗಿಹಿಡಿದುಕೊಂಡೇ. ಬೆಳಗಿನಿಂದ ಎಷ್ಟು ಸಲ ಕೇಳಿದ್ದಳೋ.

ದೊರೆ ಅಂದರೆ ಬೆಕ್ಕು. ಕಿತ್ತಳೆ ಬಣ್ಣದ್ದು, ಒಂದು ಕಿವಿ ಹರಿದದ್ದು, ಮನೆಯ ಬಾಡಿಗೆ ತಾನೇ ಕಟ್ಟುವ ಗತ್ತಿನಲ್ಲಿ ಓಡಾಡುವಂಥದ್ದು. ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಮಲಗಿದ ಮೇಲೆ ಅದು ಅವಳ ಕಾಲ ಬಳಿಯೇ ಸುರುಳಿ ಸುತ್ತಿಕೊಂಡು ಮಲಗುತ್ತಿತ್ತು. ಪಕ್ಕದ ಮನೆಗೆ ಸಾಮಾನು ತಂದ ಲಾರಿಯ ಸದ್ದಿಗೆ ಬೆದರಿ ಓಡಿದ್ದು ಮತ್ತೆ ಬಂದಿರಲಿಲ್ಲ. ಅಂದಿನಿಂದ ಅಮ್ಮ ಎರಡು ತುತ್ತಿಗೇ ತಟ್ಟೆ ಸರಿಸುತ್ತಿದ್ದಳು. ಹೀಗೆ ಉಪವಾಸ ಬಿದ್ದರೆ ಮೂಳೆ ಕೂಡುವುದು ಹೇಗೆ ಎಂದು ಡಾಕ್ಟರು ಗದರಿ ಹೋಗಿದ್ದರು.

ಬೆಕ್ಕಿನ ಬಣ್ಣದ ಫೋಟೋ ಹಾಕಿ, ಕಾಣೆಯಾಗಿದೆ ಎಂದು ಬರೆದು, ಕಂಬಕಂಬಕ್ಕೂ ಅಂಟಿಸುವುದು ಅವನ ಯೋಜನೆ. ಹೆಂಡತಿಗೂ ಒಪ್ಪಿಗೆಯೇ. ಬಸ್ ಸ್ಟಾಪಿನ ಹತ್ತಿರದ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಉಳಿದ ಹೊತ್ತು ಬೀದಿ ಸುತ್ತಿ ಕರೆಯಬಹುದಲ್ಲ ಎಂದಿದ್ದಳು, ಅಷ್ಟೇ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಆಸಾಮಿ ಅವನು. ಮನೆಯಲ್ಲೇ ಪ್ರಿಂಟರ್ ಇದೆ, ಬಾಟಲಿಗಳಲ್ಲಿ ಇಂಕ್ ಇದೆ. ಅಂಗಡಿಯವನ ಮುಂದೆ ಯಾಕೆ ನಿಲ್ಲಬೇಕು? ಅವಳು ಮಾತು ಬೆಳೆಸದೆ ಚಪ್ಪಲಿ ಮೆಟ್ಟಿಕೊಂಡು ತಾನೇ ಹುಡುಕಲು ಹೊರಟಳು.

ಬೆಳಕು ಬೆನ್ನ ಕಡೆಯಿಂದ ಬೀಳಲೆಂದು ಕಿಟಕಿಗೆ ಬೆನ್ನು ಹಾಕಿ ಕುಳಿತಿದ್ದ. ಕಾರ್ಟ್ರಿಜ್‌ನ ಲೇಬಲ್ ಕಿತ್ತರೆ ಮೂರು ತೂತು, ಕೆಂಪು, ನೀಲಿ, ಹಳದಿಗೆ ಒಂದೊಂದು. ಕೆಂಪು ನೀಲಿ ಎರಡೂ ಬಾಟಲಿಯಲ್ಲಿ ಡಾಂಬರಿನಂತೆ ಕಪ್ಪಾಗಿಯೇ ಕಾಣುತ್ತವೆ. ಮುಚ್ಚಳದ ಬಣ್ಣ ನೋಡಿ ತುಂಬಿಸಿದ. ಅವಸರ ಮಾಡಿದರೆ ಉಕ್ಕಿ ಒಂದರೊಳಗೊಂದು ಸೇರುತ್ತದೆ. ತೊಟ್ಟು ತೊಟ್ಟಾಗಿಯೇ ಇಳಿಸಬೇಕು.

ಹಳದಿಯ ಸರದಿಯಲ್ಲಿ ಮೇಜಿನ ಕೆಳಗೆ ಏನೋ ಕಾಲಿಗೆ ತಗುಲಿತು. ಪ್ರಿಂಟರ್ ಸುತ್ತಿಟ್ಟಿದ್ದ ಬಟ್ಟೆಯಿರಬೇಕೆಂದು ಬಗ್ಗಿ ನೋಡದೆ ಝಾಡಿಸಿ ಒದ್ದ. ಒದ್ದ ರಭಸಕ್ಕೆ ಬಾಟಲಿ ಉರುಳಿ ಹಳದಿ ಮೇಜಿನಿಂದ ನೆಲಕ್ಕೆ ಸುರಿಯಿತು. "ಥೂ ದರಿದ್ರ" ಎಂದು ಕಿರುಚಿ ಮೇಜು ಗುದ್ದಿದ. ಬೆನ್ನ ಹಿಂದೆ ಪರದೆ ಅಲ್ಲಾಡಿತು. ಹಳೆಯ ಟವೆಲ್ಲೊಂದನ್ನು ನೆಲಕ್ಕೆಸೆದು ಸೂಜಿ ಮತ್ತೆ ಹಿಡಿದ.

ತುಂಬಿದ ಕಾರ್ಟ್ರಿಜ್ ಹಾಕಿದರೆ ಖಾಲಿಯಾಗಿದೆ ಅಂದಿತು ಪ್ರಿಂಟರ್. ತೆಗೆದ, ಒರೆಸಿದ, ಮತ್ತೆ ಹಾಕಿದ. ಖಾಲಿಯೇ. ಬೈದುಕೊಂಡು ಗುಂಡಿಯನ್ನು ಒತ್ತಿ ಹಿಡಿದ ಮೇಲೆ ಒಂದು ಹಾಳೆ ಬೋಳಾಗಿ ಬಂತು, ಇನ್ನೊಂದರಲ್ಲಿ ಬರೀ ಗೆರೆ. ಆಮೇಲೆ ಬೆಕ್ಕು ಬಂತು, ಅಚ್ಚ ಹಸಿರಾಗಿ. ನಿಲ್ಲಿಸಲು ಒತ್ತಿದರೂ ಕೇಳದೆ ಯಂತ್ರ ಹಸಿರು ಬೆಕ್ಕುಗಳನ್ನು ಉಗುಳುತ್ತಲೇ ಹೋಯಿತು.

ಹೆಂಡತಿ ಬರಿಗೈಲಿ ಬಂದು ಹಾಳೆಯೊಂದನ್ನು ಎತ್ತಿಕೊಂಡಳು. "ಇದೇನ್ರೀ, ದೊರೆ ಗಿಳಿ ನುಂಗಿದ್ದಾನಾ?"

ಕೆಂಪು ಮುಚ್ಚಳದ ಬಾಟಲಿಯಿಂದ ಒಂದು ತೊಟ್ಟು ಕಾಗದದ ಮೇಲೆ ಬಿಟ್ಟು ನೋಡಿದ. ನೀಲಿ. ಮುಚ್ಚಳಗಳು ಅಂಟಂಟಾಗಿದ್ದವೆಂದು ಹೋದ ವಾರ ತಾನೇ ಎಲ್ಲ ಬಿಚ್ಚಿ ಸೋಪಿನಲ್ಲಿ ತೊಳೆದು ಮತ್ತೆ ಹಾಕಿಟ್ಟದ್ದಾಗಿ ಅವಳು ಸಣ್ಣ ದನಿಯಲ್ಲಿ ಹೇಳಿದಳು.

"ಯಾರು ತೊಳಿ ಅಂದ್ರು ನಿನಗೆ? ಬೆಳಗಿಂದ ಮಾಡಿದ್ದೆಲ್ಲ ನೀರಲ್ಲಿ ಹೋಮ ಆಯ್ತು."

"ಕುಣಿಯೋಕೆ ಬಾರದೋರಿಗೆ ನೆಲ ಡೊಂಕಂತೆ. ಆ ಒಂದು ತೊಟ್ಟು ಮೊದಲೇ ಬಿಟ್ಟು ನೋಡೋಕೇನಾಗಿತ್ತು?"

ಅವಳು ನೆಲ ಒರೆಸಲು ಬಗ್ಗಿದವಳು ಹಾಗೇ ನಿಂತಳು. "ರೀ, ಇಲ್ನೋಡಿ."

ಟವೆಲ್ಲಿನ ಅಂಚಿನಿಂದ ಪುಟ್ಟ ಹಳದಿ ಹೆಜ್ಜೆಗಳು ಹೊರಟಿದ್ದವು. ನೆಲದಿಂದ ಪಕ್ಕದ ಖಾಲಿ ಕುರ್ಚಿಗೆ, ಕುರ್ಚಿಯಿಂದ ಕಿಟಕಿಯ ಕಟ್ಟೆಗೆ. ಹೊರಗೆ ಕಾಂಪೌಂಡಿನ ಮೇಲೆ ಮಸುಕಾಗಿ ಒಂದು. ಅದರಾಚೆ ಏನೂ ಇರಲಿಲ್ಲ. ಕಾಲಿಗೆ ತಗುಲಿದ್ದು ಬೆಚ್ಚಗಿತ್ತೆಂಬುದು ಅವನಿಗೆ ಈಗ ನೆನಪಾಯಿತು.

ಒಳಗಿನಿಂದ ಅಮ್ಮ ಹೇಳಿದಳು, "ಆಗ್ಲೇ ಮಿಯಾಂವ್ ಅಂದ ಹಾಗಿತ್ತು ಕಣೋ. ನೀನೇನೋ ಕೂಗಿದೆ, ಆಮೇಲೆ ಕೇಳಿಸ್ಲಿಲ್ಲ."

ಹೆಂಡತಿ ಹಾಲು ತರಲು ಅಡುಗೆಮನೆಗೆ ಹೋದಳು. ಪ್ರಿಂಟರ್ ಇನ್ನೊಂದು ಬೆಕ್ಕನ್ನು ಹೊರಗೆ ತಳ್ಳಲು ಶುರುಮಾಡಿತು. ಅವನು ಪ್ಲಗ್ ಕಿತ್ತ. ಹಾಳೆ ಅರ್ಧಕ್ಕೇ ನಿಂತಿತು, ಹಸಿರು ಕಿವಿ ಎರಡು ಮಾತ್ರ ಹೊರಗೆ. ಪರದೆಯನ್ನು ಪೂರ್ತಿ ಸರಿಸಿ, ಕಿಟಕಿಯ ಕೆಳಗೆ ಸದ್ದಾಗದಂತೆ ಕುಳಿತು, ದೊರೆ ಮತ್ತೆ ಬಂದು ತಗುಲಲೆಂದು ಎರಡೂ ಕಾಲು ಮುಂದಕ್ಕೆ ಚಾಚಿದ.